ನಿಮಗಿದು ಗೊತ್ತೆ? ಕಂಬಾರರಿಗೂ ಶಿವಮೊಗ್ಗಕ್ಕೂ ನಂಟು
ಕನ್ನಡದಲ್ಲಿ ಮಾಂತ್ರಿಕ ವಾಸ್ತವದ (ನಿತ್ಯದ ಬದುಕಿನೊಳಗೆ ಮಾಯೆ ಬೆರೆಯುವ ಕಥನಶೈಲಿಯ) ಮಾತು ಬಂದಾಗಲೆಲ್ಲ ನೆನಪಾಗುವ ಕಾದಂಬರಿಕಾರ ಚಂದ್ರಶೇಖರ ಕಂಬಾರ. ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಲ್ಯಾಟಿನ್ ಅಮೆರಿಕದ ಕಾದಂಬರಿಕಾರ ಮಾರ್ಕ್ವೆಜ್‌ಗೆ ಮಕೊಂಡೊ ಎಂಬ ಕಲ್ಪನೆಯ ಊರು ಇದ್ದಂತೆ ಕಂಬಾರರಿಗೆ ಶಿವಾಪುರ. 'ಕರಿಮಾಯಿ' ಕಾದಂಬರಿಯಲ್ಲಿ ಊರಿನ ಬದುಕೆಲ್ಲ ಗ್ರಾಮದೇವತೆಯ ಸುತ್ತ ತಿರುಗುತ್ತದೆ. 'ಚಕೋರಿ' ಮಹಾಕಾವ್ಯದಲ್ಲಿ ಕೊಳಲಿನ ಹುಡುಗನಿಗೆ ಯಕ್ಷಿ ಒಲಿಯುತ್ತಾಳೆ. ಈ ಮಾಯೆ ಲ್ಯಾಟಿನ್ ಅಮೆರಿಕದಿಂದ ತಂದದ್ದಲ್ಲ, ಉತ್ತರ ಕರ್ನಾಟಕದ ಬಯಲಾಟ, ಲಾವಣಿ, ಅಜ್ಜಿಕತೆಗಳ ಸ್ವಂತ ಆಸ್ತಿ. 'ಸಿಂಗಾರೆವ್ವ ಮತ್ತು ಅರಮನೆ', 'ಶಿಖರಸೂರ್ಯ' ಇತರ ಮುಖ್ಯ ಕಾದಂಬರಿಗಳು. ಅವರಿಗೆ 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿದೆ.
ಇನ್ನು ಶಿವಮೊಗ್ಗದ ನಂಟು: ಕಂಬಾರರೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಹಾಡಿಗೆ ಗಾಯಕ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನವರಾದ ಸುಬ್ಬಣ್ಣ, ಹಿನ್ನೆಲೆ ಗಾಯನಕ್ಕೆ ಈ ಗೌರವ ಪಡೆದ ಮೊದಲ ಕನ್ನಡಿಗ.