ಬೇರಿಂಗ್ ಕೂರುವ ಜಾಗ

ಮೋಟಾರಿನ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಬೈಗುಳ ಬೀಳುವುದು ಬೇರಿಂಗ್ ಮೇಲೆ, ಇಲ್ಲವೇ ಅದನ್ನು ಮಾರಿದ ಅಂಗಡಿಯ ಮೇಲೆ. ಅದು ಕೂರುವ ಜಾಗವನ್ನು, ಅಂದರೆ ಎಂಡ್ ಕವರಿನೊಳಗೆ ಲೇತ್‌ನಲ್ಲಿ ಕೊರೆದ ಸೀಟನ್ನು, ತಿರುಗಿ ನೋಡುವವರು ಕಡಿಮೆ. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾದ 6205 ಬೇರಿಂಗನ್ನೇ ತೆಗೆದುಕೊಳ್ಳಿ. ಅದರ ಹೊರವ್ಯಾಸ 52 ಮಿ.ಮೀ. ತಯಾರಕರು ಇದನ್ನು 13 ಮೈಕ್ರಾನ್‌ವರೆಗೆ ಕಡಿಮೆ ಇಡಬಹುದು, ಜಾಸ್ತಿ ಮಾಡುವಂತಿಲ್ಲ. ಎಚ್7 ಎಂಬ ಪ್ರಮಾಣಿತ ಫಿಟ್ ಬೇಕೆಂದರೆ ಸೀಟು 52.000ದಿಂದ 52.030 ಮಿ.ಮೀ. ಒಳಗಿರಬೇಕು. ತಲೆಗೂದಲಿನ ಅರ್ಧ ದಪ್ಪದಷ್ಟೂ ಅವಕಾಶವಿಲ್ಲ. ಇಷ್ಟಾದರೂ, ಈ ಅಳತೆ ಹಿಡಿಯುವುದಕ್ಕಿಂತ ಸರಿಯಾದ ಆಕಾರ ಹಿಡಿಯುವುದೇ ಕಷ್ಟ, ಟರ್ನರ್‌ನ ನಿಜವಾದ ವಿದ್ಯೆ ಇರುವುದೂ ಅಲ್ಲೇ ಎಂಬುದು ನನ್ನ ವಾದ.

ಗೋಡೆ ತೆಳುವಾದ ಹೌಸಿಂಗನ್ನು ಮೂರು ಜಾ ಚಕ್‌ನಲ್ಲಿ ಬಿಗಿಯಾಗಿ ಹಿಡಿದರೆ ಮೂರು ಕಡೆ ಒಳಕ್ಕೆ ಅಮುಕಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಟೂಲು ಅದನ್ನು ದುಂಡಗೆ ಕೊರೆಯುತ್ತದೆ. ಚಕ್ ಸಡಿಲಿಸಿದ ಕೂಡಲೇ ಲೋಹ ತನ್ನ ಮೊದಲಿನ ರೂಪಕ್ಕೆ ಮರಳುತ್ತದೆ, ದುಂಡಗಿದ್ದ ಸೀಟು ಮೂರು ಮೂಲೆಯದಾಗುತ್ತದೆ. ಮೋಸವೆಂದರೆ, ಎದುರುಬದುರು ಎರಡು ಬಿಂದುಗಳಲ್ಲಿ ಅಳೆಯುವ ಗೇಜು ಈ ಆಕಾರವನ್ನು ಎತ್ತ ತಿರುಗಿಸಿ ಅಳೆದರೂ ಹೆಚ್ಚುಕಡಿಮೆ ಒಂದೇ ವ್ಯಾಸ ತೋರಿಸುತ್ತದೆ. ಸೀಟಿನೊಳಗೆ ಒತ್ತಿದ ಬೇರಿಂಗ್‌ನ ಹೊರಬಳೆ ಮಾತ್ರ ಆ ಸೀಟಿನ ಆಕಾರವನ್ನೇ ತಾಳುತ್ತದೆ. ಅದಕ್ಕೇ ಬಲ್ಲವರು ಒರಟು ಕಟ್ ಮುಗಿದ ಮೇಲೆ ಹಿಡಿತ ಸಡಿಲಿಸಿ, ಮತ್ತೆ ಹಗುರವಾಗಿ ಹಿಡಿದು ಕೊನೆಯ ಕಟ್ ತೆಗೆಯುತ್ತಾರೆ. ಸಾಧ್ಯವಿದ್ದರೆ ಫೇಸ್ ಪ್ಲೇಟಿಗೆ ಮುಂದಿನಿಂದ ಒತ್ತಿ ಕಟ್ಟುತ್ತಾರೆ.

ಇನ್ನು ಬೋರಿಂಗ್ ಬಾರ್, ಅಂದರೆ ಟೂಲನ್ನು ಹಿಡಿದು ರಂಧ್ರದೊಳಗೆ ಚಾಚುವ ಕಂಬಿ. 1775ರಲ್ಲಿ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಸಿಲಿಂಡರ್ ಕೊರೆದುಕೊಟ್ಟ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್, ಬಾರನ್ನು ಸಿಲಿಂಡರಿನ ಆಚೆಗೂ ಚಾಚಿ ಎರಡೂ ತುದಿಗೆ ಆಧಾರ ಕೊಟ್ಟಿದ್ದ. ತಳ ಮುಚ್ಚಿದ ಬೇರಿಂಗ್ ಸೀಟಿನಲ್ಲಿ ಆ ಅನುಕೂಲವಿಲ್ಲ, ಬಾರಿಗೆ ಒಂದೇ ಕಡೆ ಆಸರೆ. ಹೊರಚಾಚಿದ ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟಾಗುತ್ತದೆ. ಉಕ್ಕಿನ ಬಾರನ್ನು ಅದರ ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚು ಚಾಚಬಾರದೆನ್ನುವುದು ಇದಕ್ಕೇ. ಕೊನೆಯ ಎರಡು ಮೂರು ಕಟ್‌ಗಳನ್ನು ಒಂದೇ ಆಳಕ್ಕೆ ಕೊಟ್ಟರೆ ಬಾರು ಪ್ರತಿಸಲವೂ ಅಷ್ಟೇ ಬಾಗುತ್ತದೆ, ಮುಂದಿನ ಅಳತೆ ಊಹೆಗೆ ಸಿಗುತ್ತದೆ. ಹೆದರಿ ತೀರಾ ತೆಳು ಕಟ್ ಕೊಟ್ಟರೆ ಟೂಲು ಕತ್ತರಿಸದೆ ಉಜ್ಜುತ್ತದೆ.

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಲೇತ್) ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳಬಹುದು. ಸಿಎನ್‌ಸಿಯ ಚಕ್ಕೂ ಅಮುಕುತ್ತದೆ, ಬಾರೂ ಬಾಗುತ್ತದೆ. ಯಂತ್ರ ಬದಲಾದರೂ ಲೋಹದ ಗುಣ ಬದಲಾಗಿಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಅಥವಾ ಬೆಂಗಳೂರಿನ ಎಚ್‌ಎಂಟಿಯ ಲೇತ್ ಸುಸ್ಥಿತಿಯಲ್ಲಿದ್ದರೆ, ಈ ಗುಣ ಅರಿತ ಟರ್ನರ್ ಅದರಲ್ಲೂ ಒಳ್ಳೆಯ ಸೀಟು ತೆಗೆಯಬಲ್ಲ. ಟೈಟಾಗಿದ್ದಷ್ಟೂ ಒಳ್ಳೆಯದು ಎಂಬ ಇನ್ನೊಂದು ಮಾತಿದೆ, ಅದೂ ತಪ್ಪು. 6205ರ ಒಳಗಿನ ಸಾಮಾನ್ಯ ಸಡಿಲ 5ರಿಂದ 20 ಮೈಕ್ರಾನ್ ಮಾತ್ರ. ಹೊರಬಳೆಯನ್ನು ಅತಿಯಾಗಿ ಒತ್ತಿದರೆ ಈ ಜಾಗವೇ ಮಾಯವಾಗಿ ಬೇರಿಂಗ್ ಕಾದು ಹೋಗುತ್ತದೆ. ಸೀಟು ಲೂಸಾದಾಗ ಸುತ್ತಲೂ ಪಂಚ್ ಹೊಡೆದು ಉಬ್ಬಿಸುವ ಅಭ್ಯಾಸವಂತೂ ನಿಲ್ಲಲೇಬೇಕು. ಬೇರಿಂಗ್ ಆಗ ಕೆಲವೇ ಉಬ್ಬುಗಳ ತುದಿಯ ಮೇಲೆ ನಿಲ್ಲುತ್ತದೆ, ಆ ತುದಿಗಳು ಸವೆದರೆ ಮತ್ತೆ ಸಡಿಲ. ಖರ್ಚು ಕಡಿಮೆ ಎಂಬುದು ನಿಜ, ಆದರೆ ಎರಡನೇ ಬೇರಿಂಗ್ ಕೊಳ್ಳುವವರೆಗೆ ಮಾತ್ರ. ಸೀಟು ಸವೆದಿದ್ದರೆ ದೊಡ್ಡದಾಗಿ ಕೊರೆಸಿ ಬುಷ್ ಹಾಕಿಸಿ, ಬುಷ್ ಕೂರಿಸಿದ ಮೇಲೆಯೇ ಒಳ ಅಳತೆಗೆ ಕೊರೆಸಿ. ಕವರು ಮೋಟಾರಿನ ಮೈಗೆ ಕೂರುವ ಅಂಚನ್ನು ಡಯಲ್ ಗೇಜ್ ಇಟ್ಟು ನೋಡಿಯೇ ಸೆಟ್ಟಿಂಗ್ ಮಾಡುವಂತೆ ಕೇಳಿ. ಅದಕ್ಕೆ ಟರ್ನರ್ ಹೆಚ್ಚಿನ ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ.