ಗೋಗಿಯ ಗೋರಿಗಳು ಸುಳ್ಳು ಮಾಡಿದ ಮಾತು

"ಆದಿಲ್‌ಶಾಹಿ ಸುಲ್ತಾನರೆಲ್ಲರ ಗೋರಿಗಳೂ ವಿಜಯಪುರದಲ್ಲೇ ಇವೆ." ಗೋಳಗುಮ್ಮಟ ನೋಡಿ ಬಂದವರು ಹೀಗೆ ಹೇಳಿಬಿಡೋದುಂಟು. ಶಹಾಪುರ ತಾಲ್ಲೂಕಿನ ಗೋಗಿಗೆ ಬನ್ನಿ. ಚಂದಾ ಹುಸೇನಿ ದರ್ಗಾದ ಬಳಿ ಆ ವಂಶದ ಮೊದಲಿಗ ಯೂಸುಫ್ ಆದಿಲ್ ಶಾಹನ ಗೋರಿ ಇದೆ. ಅವನು ತೀರಿಕೊಂಡದ್ದು 1510ರಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ.

ಮೊದಲು ಹೇಳಿದ ಮಾತು ಸುಳ್ಳು ಅನ್ನೋದನ್ನು ಬರೆಯೋದು ಹೇಗೆ? "ಗೋರಿಗಳು ಆ ಮಾತನ್ನು ನಿರಾಕರಿಸುತ್ತವೆ" ಅಂದ್ರೆ ಹೊಂದೋದಿಲ್ಲ. ಕೊಟ್ಟದ್ದನ್ನು ಒಲ್ಲೆ ಅನ್ನೋದು, ಆರೋಪ ಒಪ್ಪದಿರೋದು ನಿರಾಕರಣೆ. ಗೋರಿ ಏನನ್ನು ಒಲ್ಲೆ ಅಂದೀತು? "ಖಂಡಿಸುತ್ತವೆ" ಅನ್ನೋದು ತರ್ಕಶಾಸ್ತ್ರದಲ್ಲಿ ಸರಿ. ಆದರೆ ಪತ್ರಿಕೆ ಓದುವವರಿಗೆ ಪ್ರತಿಭಟನೆ, ಧರಣಿ ನೆನಪಾಗುತ್ತೆ. "ಅಲ್ಲಗಳೆಯುತ್ತವೆ" ನಡೆಯುತ್ತೆ. ಆದರೆ ಪುರಾವೆ ಇಲ್ಲದೆಯೂ ಅಲ್ಲಗಳೆಯಬಹುದು. ರಾಜಕಾರಣಿಗಳು ದಿನಾ ಮಾಡೋದು ಅದನ್ನೇ. ಸಾಕ್ಷಿ ಕಣ್ಣೆದುರಿಗಿದ್ದಾಗ ನೇರವಾಗಿ ಬರೆಯಿರಿ: "ಆ ಮಾತು ಸುಳ್ಳೆಂದು ಗೋಗಿಯ ಗೋರಿಗಳು ಸಾಬೀತುಪಡಿಸುತ್ತವೆ."

ಇನ್ನೊಂದು. ಅಲ್ಲಗಳೆಯೋದು ಮಾತನ್ನು, ಮನುಷ್ಯನನ್ನಲ್ಲ. "ಅವನನ್ನು ಅಲ್ಲಗಳೆದೆ" ಬೇಡ, "ಅವನ ವಾದವನ್ನು ಅಲ್ಲಗಳೆದೆ" ಅನ್ನಿ. ಈ ಸೀಮೆಯವರಾದರೆ ಇಷ್ಟು ಸಾಕು: "ಅದು ಸುಳ್ಳದ ರೀ, ಗೋಗಿಗಿ ಬಂದು ನೋಡ್ರಿ!"