ಗೀರು ಓದಿದವರು

ವಿಕ್ರೋಳಿ ಸ್ಟೇಷನ್ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ನಾನು ಕಣ್ಣು ಪರೀಕ್ಷಿಸುತ್ತೇನೆ. 'ಏನ್ರೀ, ಬರೀ ಪ್ಲಾಸ್ಟಿಕ್ ಲೆನ್ಸಾ?' ಎಂದು ಮೂಗು ಮುರಿಯುವ ಗಿರಾಕಿಗಳಿಗೆ ಹೇಳಲು ನನ್ನ ಬಳಿ ಒಂದು ಕಥೆಯಿದೆ. ಸಾದಾ ಲೆನ್ಸ್‌ಗೆ ಬಳಸುವ ಸಿಆರ್-39 ಎಂಬ ಇದೇ ಜಾತಿಯ ಪ್ಲಾಸ್ಟಿಕ್, ಇದೇ ಮುಂಬೈ ವಿಜ್ಞಾನಿಗಳ ಕೈಯಿಂದ 1985ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದಿದೆ.

ಆ ಉಪಕರಣದ ಹೆಸರು 'ಅನುರಾಧಾ'. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸುಕುಮಾರ್ ಬಿಸ್ವಾಸ್ ಅವರ ನೇತೃತ್ವದ ತಂಡ ಅದನ್ನು ರೂಪಿಸಿತು. ಆಗ ಸಂಸ್ಥೆಯ ನಿರ್ದೇಶಕರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, 1951ರಲ್ಲೇ ಕೋಲಾರದ ಚಿನ್ನದ ಗಣಿಗಿಳಿದು ವಿಶ್ವಕಿರಣ ಅಳೆದವರು. ಗಣಿಯ ಆಳದಲ್ಲಿ ಶುರುವಾದ ಅಳತೆ ಈಗ 350 ಕಿ.ಮೀ. ಎತ್ತರಕ್ಕೇರಿತ್ತು.

ಪ್ರಶ್ನೆ ಇಷ್ಟು: ಸಾಮಾನ್ಯ ವಿಶ್ವಕಿರಣದ ಕಣಗಳು ತಮ್ಮ ಎಲೆಕ್ಟ್ರಾನ್‌ಗಳನ್ನೆಲ್ಲ ಕಳೆದುಕೊಂಡಿರುತ್ತವೆ. ಆದರೆ ಕಡಿಮೆ ಶಕ್ತಿಯ ಒಂದು ವಿಚಿತ್ರ ಗುಂಪು ಒಂದನ್ನಷ್ಟೇ ಕಳೆದುಕೊಂಡಿದೆಯೇ? ಹಾಗಿದ್ದರೆ ಭೂಮಿಯ ಕಾಂತಕ್ಷೇತ್ರ ಅವುಗಳನ್ನು ಅಷ್ಟಾಗಿ ಬಾಗಿಸಲಾರದು. ಉಳಿದವು ತಲುಪಲಾಗದ ಜಾಗಕ್ಕೂ ಅವು ನುಗ್ಗುತ್ತವೆ. ಅಂದರೆ ಭೂಮಿಯೇ ಜರಡಿ.

ಆದರೆ ಕಣ ಎಲ್ಲಿ ಬಿತ್ತೆಂದು ತಿಳಿಯಬೇಕಲ್ಲ? ಅದಕ್ಕೆ ಹಾಳೆಗಳ ಎರಡು ಅಡುಕು. ಒಂದು ನಿಂತಲ್ಲೇ, ಇನ್ನೊಂದು ನಿಧಾನವಾಗಿ ತಿರುಗುತ್ತಿತ್ತು. ಎರಡನ್ನೂ ತೂರಿದ ಗೀರು ಎಷ್ಟು ಸರಿದಿದೆಯೆಂದು ನೋಡಿದರೆ ಕಣ ಬಡಿದ ಹೊತ್ತು ಸಿಗುತ್ತದೆ. ಹೊತ್ತು ಸಿಕ್ಕರೆ ನೌಕೆ ಎಲ್ಲಿತ್ತೆಂಬುದೂ ಸಿಗುತ್ತದೆ.

ಏಪ್ರಿಲ್ 29ರಂದು ಅನುರಾಧಾ ಚಾಲೆಂಜರ್ ನೌಕೆಯಲ್ಲಿ ಮೇಲೇರಿತು. ಈ ಹಾಳೆಗಳು ರೇಡಿಯೊ ಸಂದೇಶ ಕಳಿಸುವುದಿಲ್ಲ, ಮನೆಗೇ ಮರಳಬೇಕು. ವಾರದ ನಂತರ ಮರಳಿದವು. ಮುಂದಿನ ಜನವರಿಯಲ್ಲಿ ಅದೇ ಚಾಲೆಂಜರ್ ಏಳು ಮಂದಿಯೊಂದಿಗೆ ಆಕಾಶದಲ್ಲೇ ಛಿದ್ರವಾಯಿತು.

ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ಕಣ ಹಾದ ಜಾಡು ಸಣ್ಣ ಗುಳಿಯಾಗುತ್ತದೆ. ಸೂಕ್ಷ್ಮದರ್ಶಕದಡಿ ಅವನ್ನು ಒಂದೊಂದಾಗಿ ಹುಡುಕಿ ಅಳೆದಾಗ, ಆ ಗುಂಪಿನ ಕಣಗಳು ಒಂದೇ ಎಲೆಕ್ಟ್ರಾನ್ ಕಳೆದುಕೊಂಡಿವೆ ಎಂಬುದಕ್ಕೆ ಪುರಾವೆ ಸಿಕ್ಕಿತು. ಇಂಥ ಕಣ ಮೇಲಿನ ವಾತಾವರಣವನ್ನು ಸವರಿ ಉಳಿದ ಎಲೆಕ್ಟ್ರಾನ್‌ಗಳನ್ನೂ ಕಳೆದುಕೊಂಡರೆ ಕಾಂತಕ್ಷೇತ್ರದಲ್ಲಿ ಸಿಕ್ಕಿಬೀಳುತ್ತದೆ. ಹೀಗೆ ಸಿಕ್ಕಿಬಿದ್ದ ಕಣಗಳ ವಿಕಿರಣ ಪಟ್ಟಿಯನ್ನು 1992ರಲ್ಲಿ ಹಾರಿದ ಅಮೆರಿಕದ ಸ್ಯಾಂಪೆಕ್ಸ್ ಉಪಗ್ರಹ ಅಳೆಯಿತು.

ನಮ್ಮ ಅಂಗಡಿಯಲ್ಲಿ ಗೀರು ಬಿದ್ದ ಲೆನ್ಸ್ ಕಸದ ಬುಟ್ಟಿಗೆ. ಕೊಲಾಬಾದಲ್ಲಿ ಆ ಗೀರೇ ಬೇಕಾಗಿತ್ತು.